ಕಾಗದ ಅಜ್ಜಂದು, ಶಾಯಿ ಮೊಮ್ಮಗಂದು

ಇದು ನಡೆದ ಕಥೆ. ಎರಡು ಸುಳ್ಳು ಬೆರೆಸಿದ್ದೇನೆ, ಎರಡೂ ಹೆಸರುಗಳಲ್ಲಿವೆ. ಉಳಿದದ್ದನ್ನು ಭೂತಗನ್ನಡಿ ಹಿಡಿದು ನೋಡಿದರೂ ಅಸಲಿಯೇ. ಸಾಕ್ಷಿ ಬೇಕೆಂದರೆ, ವ್ರಾಬೆಲ್ ಮನೆಯ ಮೇಲಿನ ಮಹಡಿಯಲ್ಲಿ ಒಂಬತ್ತು ವರ್ಷ ಬಾಡಿಗೆಗಿದ್ದವನು ನಾನು. ಕೆಳಗಿನ ಅಡುಗೆಮನೆಯಲ್ಲಿ ಆಡಿದ ಮಾತು ನನ್ನ ಬಚ್ಚಲಿನ ಕೊಳಾಯಿಯಲ್ಲಿ ನೀರಿಗಿಂತ ಸರಾಗವಾಗಿ ಬರುತ್ತಿತ್ತು. ನೀರಿಗಾದರೂ ಹೊತ್ತುಗೊತ್ತಿತ್ತು.

ಯಂಗ್ಸ್‌ಟೌನಿನ ಆ ಮನೆಯಲ್ಲಿ ಮೂರು ತಲೆಮಾರು ಒಂದೇ ಮೇಜಿನ ಸುತ್ತ ಉಣ್ಣುತ್ತಿತ್ತು. ಇಗ್ನೇಷಿಯಸ್ ವ್ರಾಬೆಲ್, ಊರಿಗೆಲ್ಲ ಇಗ್ಗಿ, ಎಪ್ಪತ್ತೇಳು ವರ್ಷ. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಶಾಲೆಯೊಂದರ ಬಾಯ್ಲರ್ ನೋಡಿಕೊಂಡು ನಿವೃತ್ತನಾದವನು. ಹೆಂಡತಿ ಪಾವ್ಲೀನಾ. ಗಂಡನನ್ನು ಬಿಟ್ಟು ತವರಿಗೆ ಬಂದ ಮಗಳು ಬರ್ನಡೆಟ್ ಅದೇ ಶಾಲೆಯ ಊಟದ ಮನೆಯಲ್ಲಿ ಅಡುಗೆಯವಳು. ಅವಳ ಮಗಳು ಕೊರಿನ್‌ಗೆ ಹತ್ತೊಂಬತ್ತು. ಮದುವೆ ಕರೆಯೋಲೆಯಿಂದ ಚುನಾವಣೆಯ ಫಲಕದ ತನಕ ಎಲ್ಲವನ್ನೂ ಅಚ್ಚು ಹಾಕುವ ಅಂಗಡಿಯಲ್ಲಿ ಅವಳ ಕೆಲಸ. ಮನೆಯವರ ದನಿಗಳನ್ನು ಅಚ್ಚು ಹಾಕುವುದು ಅವಳ ಇನ್ನೊಂದು ಕೆಲಸ. ಅದಕ್ಕೆ ಸಂಬಳವಿರಲಿಲ್ಲ, ಬೈಗುಳವಿತ್ತು.

ಪ್ರತಿ ತಿಂಗಳ ಮೊದಲ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಹಳೆಯ ಬೇಸ್‌ಬಾಲ್ ಕಾರ್ಡುಗಳ, ಅಂದರೆ ಆಟಗಾರರ ಚಿತ್ರ ಅಚ್ಚಾದ ಪುಟ್ಟ ರಟ್ಟುಗಳ ಸಂತೆ. ಮಾರುವವರದು ಮೂವತ್ತು ಮೇಜು. ಮಾರದ ಮೇಜು ಒಂದೇ, ಇಗ್ಗಿಯದು. 'ಅಸಲಿಯೋ ನಕಲಿಯೋ ಕೇಳಿ' ಎಂದು ರಟ್ಟಿನ ಮೇಲೆ ಬರೆದಿಟ್ಟು ನಲವತ್ತು ವರ್ಷದಿಂದ ಅಲ್ಲಿ ಕೂತಿದ್ದ. ತೀರಿಕೊಂಡ ಗಂಡನ ಅಟ್ಟದಲ್ಲಿ ಸಿಕ್ಕಿದ ಡಬ್ಬ, ಹರಾಜಿನಲ್ಲಿ ಹಿಡಿದ ಕಟ್ಟು, ಏನನ್ನೇ ತಂದರೂ ನೋಡಿ ಹೇಳುತ್ತಿದ್ದ. ಶುಲ್ಕ ಒಂದು ಲೋಟ ಕಾಫಿ.

ಮೊದಲು ಕಾರ್ಡನ್ನು ಮೂಸುತ್ತಿದ್ದ. ಆಮೇಲೆ ಅಳತೆ, ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿ ಚೂಪು ಮಾಡಿದವರಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದರು. ಆಮೇಲೆ ನೇರಳೆ ದೀಪ. ಅದರ ಕೆಳಗೆ ಹೊಸ ಕಾಗದ ಹೊಳೆಯುತ್ತದೆ, ಹಳೆಯದು ಸುಮ್ಮನಿರುತ್ತದೆ. ಕೊನೆಗೆ ಭೂತಗನ್ನಡಿ. ನೂರು ವರ್ಷದ ಹಿಂದಿನ ಅಚ್ಚಿನಲ್ಲಿ ಆಟಗಾರನ ಹೆಸರಿನ ಅಕ್ಷರ ಗಟ್ಟಿ ಶಾಯಿಯ ಗೆರೆ. ಈಚಿನ ಮರುಮುದ್ರಣದಲ್ಲಿ ಅದೇ ಅಕ್ಷರ ಇರುವೆ ಸಾಲಿನ ಹಾಗೆ ಚುಕ್ಕಿ ಚುಕ್ಕಿ. ಇನ್ನೂ ಚಾಲಾಕಿನವರು ಹಳೆಯ ಪೆಟ್ಟಿಗೆಗಳ ಖಾಲಿ ರಟ್ಟು ಹುಡುಕಿ ಅದರ ಮೇಲೆ ಅಚ್ಚು ಹಾಕುತ್ತಿದ್ದರು. ದೀಪಕ್ಕೆ ಅವು ಹೊಳೆಯವು. ಅಂಥದ್ದು ಸಿಕ್ಕಿದಾಗ ಇಗ್ಗಿ ಕನ್ನಡಕ ಹಣೆಗೇರಿಸಿ, ಮೂಗಿನಿಂದ ಒಂದು ಉಸಿರು ಬಿಟ್ಟು ತೀರ್ಪು ಕೊಡುತ್ತಿದ್ದ: "ಕಾಗದ ಅಜ್ಜಂದು, ಶಾಯಿ ಮೊಮ್ಮಗಂದು." ಕೊರಿನ್ ಊಟದ ಮೇಜಿನಲ್ಲಿ ಇದನ್ನು ಮೂಗಿನ ಉಸಿರೂ ಸೇರಿದಂತೆ ಮಾಡಿ ತೋರಿಸುತ್ತಿದ್ದಳು, ಹೆಚ್ಚಾಗಿ ಬರ್ನಡೆಟ್ ನಿನ್ನೆಯ ಸಾರಿಗೆ ಹೊಸ ಆಲೂಗಡ್ಡೆ ಹಾಕಿ ಕುದಿಸಿದ ದಿನ.

ಅವನಿಗೆ ಕಂಡರಾಗದವರೆಂದರೆ ದರ್ಜೆ ಕೊಡುವ ಕಂಪನಿಯವರು. ಅಂಚೆಯಲ್ಲಿ ಕಾರ್ಡು ಕಳಿಸಿದರೆ ಅಸಲಿ ಎಂದು ಚೀಟಿ ಬರೆದು, ಒಂದರಿಂದ ಹತ್ತರ ತನಕ ದರ್ಜೆ ಹಾಕಿ, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುದ್ರೆ ಮಾಡಿ ವಾಪಸ್ ಕಳಿಸುತ್ತಾರೆ. ಇಗ್ಗಿ ಅದನ್ನು ಶವಪೆಟ್ಟಿಗೆ ಎನ್ನುತ್ತಿದ್ದ. ಅಂಚು ಕತ್ತರಿಸಿದ ಕಾರ್ಡಿಗೆ ಎಂಟನೇ ದರ್ಜೆ ಕೊಟ್ಟದ್ದು, ವರ್ಷ ತಪ್ಪಿ ಬರೆದದ್ದು, ಎಲ್ಲವನ್ನೂ ಹಿಡಿದು ಅವರಿಗೆ ಹನ್ನೊಂದು ಪತ್ರ ಬರೆದಿದ್ದ. ಬಂದ ಉತ್ತರ ಒಂದೇ, ಅದರೊಳಗೆ ಶೇಕಡಾ ಹತ್ತು ರಿಯಾಯಿತಿಯ ಕೂಪನ್ನು.

ಅವನ ಸ್ವಂತದ್ದು ಅಂತ ಬೆಲೆಬಾಳುವ ಕಾರ್ಡು ಒಂದೇ ಇತ್ತು. ಸಾವಿರದ ಒಂಬೈನೂರ ಹತ್ತರಲ್ಲಿ ಸಿಗರೇಟು ಪೊಟ್ಟಣದೊಳಗೆ ಬಂದದ್ದು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಕಿತ್ತಳೆ ಬಣ್ಣದ ಆಕಾಶದ ಮುಂದೆ ದಪ್ಪ ಮೀಸೆಯ ಹ್ಯೂಗೋ ಸ್ಟಾಡ್ಲರ್, ಒಂದೇ ವರ್ಷ ಆಡಿ ಹೊರಟುಹೋದ ಆಟಗಾರ. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಕಾರ್ಖಾನೆಯ ಕೊನೆಯ ಸಂಬಳ ಕೊಟ್ಟು ಇಗ್ಗಿ ಅದನ್ನು ಕೊಂಡಿದ್ದ. ಆ ದುಡ್ಡು ಪಾವ್ಲೀನಾಳ ಬಟ್ಟೆ ಒಗೆಯುವ ಯಂತ್ರಕ್ಕೆಂದು ಎತ್ತಿಟ್ಟದ್ದು. ಯಂತ್ರ ಬರಲು ಇನ್ನೂ ಎರಡು ವರ್ಷ ಹಿಡಿಯಿತು. ಅಂದಿನಿಂದ ಅವಳು ಆ ಕಾರ್ಡನ್ನು ಹೆಸರಿಟ್ಟು ಕರೆದವಳಲ್ಲ. "ನಿನ್ನ ವಾಷಿಂಗ್ ಮೆಷಿನ್ನಿನ ಮೇಲೆ ಧೂಳು ಕೂತಿದೆ," ಎನ್ನುತ್ತಿದ್ದಳು. ಸಂತೆಯ ದಿನ ಆ ಕಾರ್ಡು ಸಣ್ಣ ಸ್ಟ್ಯಾಂಡಿನಲ್ಲಿ ಇಗ್ಗಿಯ ಮೇಜಿನ ಮೂಲೆಯಲ್ಲಿ ನಿಂತಿರುತ್ತಿತ್ತು, ವೈದ್ಯರ ಕೋಣೆಯಲ್ಲಿ ಪದವಿಪತ್ರ ತೂಗುಹಾಕಿದ ಹಾಗೆ.

ಫೆಬ್ರವರಿಯಲ್ಲಿ ಇಗ್ಗಿ ಕಾರು ಹಿಂದಕ್ಕೆ ತೆಗೆಯುತ್ತಾ ಪಕ್ಕದ ಮನೆಯ ಟಪಾಲು ಪೆಟ್ಟಿಗೆಯನ್ನು ಕೆಡವಿದ. ಹಿಮದಲ್ಲಿ ಬಿಳಿ ಪೆಟ್ಟಿಗೆ ಇಟ್ಟರೆ ಯಾರಿಗೆ ಕಾಣುತ್ತದೆ ಎಂದ. ಪೆಟ್ಟಿಗೆ ಹಸಿರು ಎಂದು ಬರ್ನಡೆಟ್ ಹೇಳಿದಳು. ವೈದ್ಯರು ನೋಡಿ ಎರಡೂ ಕಣ್ಣಿಗೆ ಪೊರೆ ಬಲಿತಿದೆ, ತೆಗೆಸಲೇಬೇಕು ಎಂದರು. ಇಷ್ಟು ವರ್ಷ ಅವನ ಮಾತನ್ನು ಪೊರೆದ ಕಣ್ಣಿಗೇ ಪೊರೆ ಬಂದಿತ್ತು.

ಇಗ್ಗಿ ಒಪ್ಪಲಿಲ್ಲ. ಕಾರಣ ಕತ್ತರಿಯ ಭಯವಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಒಬ್ಬ ಗೆಳೆಯ, ಅದಾದ ಮೇಲೆ ಬಿಳಿಯೆಲ್ಲ ನೀಲಿಯ ಹಾಗೆ ಕಾಣುತ್ತದೆ, ಹಾಲಿನ ಲೋಟದ ಗುರುತೇ ಸಿಗಲಿಲ್ಲ ಎಂದು ಹೇಳಿಬಿಟ್ಟಿದ್ದ.

"ನಲವತ್ತು ವರ್ಷ ಹಳೇ ಕಾಗದದ ಹಳದಿ ಕಲಿತಿದ್ದೀನಿ," ಎಂದ ಇಗ್ಗಿ. "ಅದನ್ನ ಅರ್ಧ ಗಂಟೇಲಿ ಕಿತ್ತು ಬಿಸಾಕ್ತಾರಂತೆ."

"ನೀನು ಈಗ ನೋಡ್ತಿರೋ ಹಳದಿ ಕಾಗದದ್ದಲ್ಲ ಅಪ್ಪ, ಕಣ್ಣಿಂದು," ಎಂದಳು ಬರ್ನಡೆಟ್. "ಕಾರಿನ ಕೀ ಕೊಡು."

"ಕಾರ್ಡು ನೋಡೋಕೆ ಆಗೋವರೆಗೂ ಕಾರೂ ಓಡಿಸ್ತೀನಿ. ಸಣ್ಣದು ಕಾಣೋನಿಗೆ ದೊಡ್ಡದು ಕಾಣಲ್ವಾ?"

ಕೀಲಿ ಅವನ ಜೇಬಿನಲ್ಲೇ ಉಳಿಯಿತು. ಎರಡು ವಾರ ಊಟದ ಹೊತ್ತಿಗೆ ಇದೇ ಜಗಳ. ಎಲೆಕೋಸು ಸೇವಿಗೆಯ ದಿನವೂ ಇದೇ, ಮಾಂಸದ ದಿನವೂ ಇದೇ. ಅಪ್ಪ ಓಡಿಸುವ ಕಾರು ಹತ್ತದೆ ಬರ್ನಡೆಟ್ ಬಸ್ಸಿನಲ್ಲಿ ಓಡಾಡತೊಡಗಿದಳು. ಪಾವ್ಲೀನಾ ಜಗಳಕ್ಕೆ ಬರಲಿಲ್ಲ. ಅವಳು ಪಾತ್ರೆ ಒರೆಸುತ್ತಾ ಯೋಚಿಸುತ್ತಿದ್ದಳು. ಒಂದು ಸಂಜೆ ಇಗ್ಗಿ ಕ್ಷೌರಕ್ಕೆ ಹೋದಾಗ ಮೊಮ್ಮಗಳನ್ನು ಕರೆದು, ನಿಮ್ಮ ಅಂಗಡಿಯಲ್ಲಿ ಎಷ್ಟು ಸಣ್ಣದನ್ನು ಅಚ್ಚು ಹಾಕುತ್ತಾರೆ ಎಂದು ಕೇಳಿದಳು.

ಯೋಜನೆ ಸರಳವಾಗಿತ್ತು. ಸ್ಟಾಡ್ಲರ್ ಜಾಗದಲ್ಲಿ ನಕಲಿ ಸ್ಟಾಡ್ಲರ್. ಇಗ್ಗಿ ಅವತ್ತೇ ಹಿಡಿದರೆ ಅವನ ಕಣ್ಣು ಗೆದ್ದಿತು, ಯಾರೂ ಬಾಯಿ ಬಿಡಬಾರದು. ವಾರವಾದರೂ ಹಿಡಿಯದಿದ್ದರೆ ಊಟದ ಮೇಜಿನಲ್ಲೇ ತೋರಿಸಿ, ಸೀದಾ ವೈದ್ಯರ ಹತ್ತಿರ ಕರೆದುಕೊಂಡು ಹೋಗುವುದು. ಕೊರಿನ್ ಇಂಟರ್ನೆಟ್ಟಿನಲ್ಲಿ ಯಾವುದೋ ಸಂಗ್ರಹಾಲಯದ ಸ್ಟಾಡ್ಲರ್ ಚಿತ್ರ ಹುಡುಕಿ ರಟ್ಟಿನ ಮೇಲೆ ಅಚ್ಚು ತೆಗೆದಳು. ಮುಂದಿನದು ಪಾವ್ಲೀನಾಳ ಅಡುಗೆ. ಕಡು ಚಹಾದಲ್ಲಿ ಎಂಟು ನಿಮಿಷ ನೆನೆಸಿ, ಒಲೆಯ ಮಂದ ಬಿಸಿಯಲ್ಲಿ ಒಣಗಿಸಿ, ನಾಲ್ಕು ಮೂಲೆಯನ್ನೂ ಹಿಂಬಾಗಿಲಿನ ಸಿಮೆಂಟು ಮೆಟ್ಟಿಲಿಗೆ ತಿಕ್ಕಿದರು. ಮೊದಲನೆಯದು ಸೀದು ಹೋಯಿತು. ಎರಡನೆಯದು ಹದವಾಗಿ ಬಂತು.

"ಬಾಬ್ಕಾ, ಇದು ನಿಜವಾಗ್ಲೂ ಚೆನ್ನಾಗಿದೆ," ಎಂದಳು ಕೊರಿನ್ ಅಜ್ಜಿಗೆ.

"ಹತ್ತಿರದಿಂದ ನೋಡಿದ್ರೆ ಮೀಸೆ ನೀಲಿ ಕಣೇ."

"ದೇದೊಗೆ ನೀಲಿ ಕಾಣ್ದೆ ಎಷ್ಟು ವರ್ಷ ಆಯ್ತೋ," ಎಂದಳು ಕೊರಿನ್. ತಾತನನ್ನು ಅವಳು ಕರೆಯುತ್ತಿದ್ದದ್ದು ದೇದೊ ಎಂದು.

ಅಸಲಿ ಸ್ಟಾಡ್ಲರ್ ಪಾವ್ಲೀನಾಳ ಅಡುಗೆಚೀಟಿಗಳ ಡಬ್ಬದೊಳಗೆ, ಅಕ್ರೋಟಿನ ರೊಟ್ಟಿಗೂ ತುಂಬಿದ ಎಲೆಕೋಸಿಗೂ ನಡುವೆ ಸೇರಿದ. ನಕಲಿ ಸ್ಟಾಡ್ಲರ್ ಇಗ್ಗಿಯ ಮೇಜಿನ ಖಾನೆಗೆ ಹೋದ.

ಬುಧವಾರ ಇಗ್ಗಿ ಅದನ್ನು ತೆಗೆದು ಧೂಳು ಒರೆಸಿ ಒಳಗಿಟ್ಟ. ಗುರುವಾರ ಮೂಗಿನ ಹತ್ತಿರ ಹಿಡಿದು, ಮನೆಯಲ್ಲಿ ಯಾರು ಇಷ್ಟು ಚಹಾ ಮಾಡುತ್ತಿದ್ದೀರಿ ಎಂದು ಕೇಳಿದ. ಪಾವ್ಲೀನಾ ಚಹಾ ಡಬ್ಬದ ಮುಚ್ಚಳ ಹಾಕಿದಳು. ಒಂದು ಲೋಟ ನನಗೂ ಕೊಡಿ ಎಂದ. ಒಂದು ವಾರ ಎಂದು ಲೆಕ್ಕ ಹಾಕಿದವರು ಕ್ಯಾಲೆಂಡರ್ ನೋಡಿರಲಿಲ್ಲ. ನಡುವೆ ಮಾರ್ಚ್ ತಿಂಗಳ ಮೊದಲ ಶನಿವಾರ ಬಂದೇಬಿಟ್ಟಿತು. ಬೆಳಗ್ಗೆ ಪಾವ್ಲೀನಾ ಆಲೂಗಡ್ಡೆಯ ಕಡುಬು ಬೇಯಿಸಲು ಚರ್ಚಿನ ಅಡುಗೆಮನೆಗೆ ಮುಂಚೆಯೇ ಹೋಗಿದ್ದಳು, ಕೊರಿನ್ ಮಲಗಿದ್ದಳು. ಇಗ್ಗಿ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಸಂತೆಯಲ್ಲಿ ನಕಲಿ ಸ್ಟಾಡ್ಲರ್ ಏಳು ಗಂಟೆ ನಿಂತ. ಇಗ್ಗಿಯ ಹಳೆಯ ಗೆಳೆಯ ವಾಲ್ಟರ್ ಪರ್ಡಮ್, ಎದುರು ಮೇಜಿನವನು, ಕಾಫಿ ತಂದುಕೊಟ್ಟು, ಬಹಳ ದಿನವಾಯಿತು ನಿನ್ನ ಸ್ಟಾಡ್ಲರ್ ನೋಡಿ ಎಂದು ಕೈಗೆ ತೆಗೆದುಕೊಂಡ. ತನ್ನ ಭೂತಗನ್ನಡಿಯಲ್ಲಿ ಒಮ್ಮೆ ನೋಡಿದ. ಮತ್ತೊಮ್ಮೆ ನೋಡಿದ. ಸ್ಟ್ಯಾಂಡಿನಲ್ಲಿಟ್ಟು ತನ್ನ ಮೇಜಿಗೆ ಹಿಂತಿರುಗಿದ. ಗೆಳೆಯನ ಮರ್ಯಾದೆ ಉಳಿಸಬೇಕೆಂದು ಅವನು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದ.

ಅವನ ಹೆಂಡತಿ ಕೆಲಸ ಮಾಡುತ್ತಿದ್ದದ್ದು ಬರ್ನಡೆಟ್ ಜೊತೆಗೆ, ಶಾಲೆಯ ಊಟದ ಮನೆಯಲ್ಲಿ. ಮಂಗಳವಾರ ಕ್ಯಾರೆಟ್ ಹೆಚ್ಚುತ್ತಾ ಆಕೆ ಬಹಳ ಮೆಲ್ಲಗೆ, ಸಾವಿನ ಮನೆಯ ದನಿಯಲ್ಲಿ ವಿಚಾರಿಸಿದಳು. ಇಗ್ಗಿಗೆ ಈಚೆಗೆ ಹಣದ ತೊಂದರೆಯೇ, ಸ್ಟಾಡ್ಲರ್ ಮಾರಿ ಆ ಜಾಗಕ್ಕೆ ನಕಲು ಇಟ್ಟನೇ, ಅಥವಾ ಮೊದಲಿನಿಂದಲೂ ಅದು ನಕಲೇ? ಸಂತೆಯ ಸಮಿತಿಯವರೂ ಕೇಳುತ್ತಿದ್ದಾರಂತೆ. ಅಂದರೆ ಗಂಡ ಹೆಂಡತಿಗೆ ಹೇಳಿದ್ದನ್ನು ಹೆಂಡತಿ ಹೊರಗೆ ಯಾರಿಗೂ ಹೇಳಿರಲಿಲ್ಲ, ಸಮಿತಿಗೆ ಮಾತ್ರ ಹೇಳಿದ್ದಳು.

ಅಂದು ಸಂಜೆ ಮನೆಗೆ ಬಂದ ಬರ್ನಡೆಟ್ ಕೋಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ನಿಂತಳು. ಇಗ್ಗಿ ಹೊರಗೆ ಪಕ್ಕದ ಮನೆಯವರ ಟಪಾಲು ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಮೂರಕ್ಕೆ ಒಂದು ಪೆಟ್ಟು ಮೊಳೆಗೆ ಬೀಳುತ್ತಿತ್ತು. ಒಳಗೆ ಅಜ್ಜಿಯೂ ಮೊಮ್ಮಗಳೂ ಮೂರು ಪ್ರಶ್ನೆಗೇ ಒಪ್ಪಿಕೊಂಡರು.

"ಅಮ್ಮ, ಇವಳು ಹುಡುಗಿ, ಬಿಡು. ನಿನಗೆ ಎಪ್ಪತ್ತೈದು."

"ಕೀ ಕೊಡ್ಲಿ ಅಂತ ಮಾಡಿದ್ದು."

"ಕೀ ಕೊಡೋಕೆ ಮುಂಚೆ ಅಪ್ಪನ ಮೇಜು ಕೊಟ್ಟುಬಿಟ್ರಿ. ಆ ಮೇಜು ಲೂಮಿಸ್‌ಗೆ ಕೊಡೋಣ ಅಂತ ಸಮಿತೀಲಿ ಮಾತಾಗಿದೆ."

ಲೂಮಿಸ್ ಎಂದರೆ ಕಂಪನಿಯ ಪ್ಲಾಸ್ಟಿಕ್ಕಿನಲ್ಲಿ ಮುದ್ರೆಯಾದ ಕಾರ್ಡುಗಳನ್ನಷ್ಟೇ ಮಾರುವ ದಲ್ಲಾಳಿ. ಕಾರ್ಡಿಗಿಂತ ಚೀಟಿಯನ್ನು ಹೆಚ್ಚು ಓದುವವನು. ಆ ಹೆಸರು ಕೇಳಿದ ಮೇಲೆ ಪಾವ್ಲೀನಾ ಕುರ್ಚಿಯಲ್ಲಿ ಕೂತಳು.

ಆ ರಾತ್ರಿ ಊಟಕ್ಕೆ ಹುರಿದ ಮೀನು. ಇಗ್ಗಿ ಎರಡನೇ ತುಂಡಿಗೆ ನಿಂಬೆ ಹಿಂಡುತ್ತಿದ್ದಾಗ ಕೊರಿನ್ ಹೇಳಿದಳು. ಯಾರ ದನಿಯನ್ನೂ ಅನುಕರಿಸದೆ, ತನ್ನ ದನಿಯಲ್ಲೇ, ಚಹಾದಿಂದ ಹಿಡಿದು ಲೂಮಿಸ್ ತನಕ. ಇಗ್ಗಿ ನಿಂಬೆಹೋಳನ್ನು ತಟ್ಟೆಯ ಅಂಚಿಗಿಟ್ಟು ಎದ್ದು ಹೋಗಿ ಕಾರ್ಡು, ಭೂತಗನ್ನಡಿ ಎರಡನ್ನೂ ತಂದ. ಪಾವ್ಲೀನಾ ಅಡುಗೆಚೀಟಿಗಳ ಡಬ್ಬದಿಂದ ಇನ್ನೊಂದನ್ನು ತೆಗೆದು ಪಕ್ಕಕ್ಕಿಟ್ಟಳು. ದೀಪದ ಕೆಳಗೆ ಎರಡು ಸ್ಟಾಡ್ಲರ್. ಅವನು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಜಾಗ ಬದಲಿಸಿ ಮತ್ತೆ ನೋಡಿದ. ಎಷ್ಟೋ ಹೊತ್ತಿನ ಮೇಲೆ ಬಲಗಡೆಯದನ್ನು ಮೊಮ್ಮಗಳ ಕಡೆ ತಳ್ಳಿದ.

"ಓದು."

"ದೇದೊ, ನಂಗೆ..."

"ಅಕ್ಷರದಲ್ಲಿ ಏನಿದೆ ಹೇಳು."

ಕೊರಿನ್ ಕಣ್ಣಿಗೆ ಗಾಜು ಹಿಡಿದಳು. "ಚುಕ್ಕಿ ಇದೆ."

"ಇದು ನಿಂದು, ಹಾಗಾದ್ರೆ." ಅವನು ಭೂತಗನ್ನಡಿಯ ಮುಚ್ಚಳ ಹಾಕಿದ. "ನಾನು ಅದನ್ನೇ ನಂದು ಅಂದ್ಕೊಂಡಿದ್ದೆ."

ಮೀನು ತಣ್ಣಗಾಯಿತು. ಮುಂದಿನ ಒಂಬತ್ತು ದಿನ ಇಗ್ಗಿ ಮೂರೂ ಹೊತ್ತು ತನ್ನ ಕೋಣೆಯಲ್ಲಿ ಹಾಲಿಗೆ ಕಾರ್ನ್‌ಫ್ಲೇಕ್ಸ್ ಹಾಕಿ ತಿಂದ. ಪಾವ್ಲೀನಾ ಮೊದಲ ಮೂರು ದಿನ ಬಾಗಿಲ ಹೊರಗೆ ತಟ್ಟೆ ಇಟ್ಟಳು, ನಾಲ್ಕನೇ ದಿನ ಅವಳಿಗೂ ಸಿಟ್ಟು ಬಂದು ಬಿಟ್ಟಳು. ಕೊರಿನ್ ವಾಲ್ಟರ್ ಪರ್ಡಮ್ ಮನೆಗೇ ಹೋಗಿ, ಅದು ತಾನು ಮಾಡಿದ ಕೀಟಲೆ, ಅಸಲಿ ಮನೆಯಲ್ಲಿದೆ ಎಂದು ಹೇಳಿಬಂದಳು. ಅವನು ಅವಳ ಭುಜ ತಟ್ಟಿ ಬಿಸ್ಕತ್ತು ಕೊಟ್ಟ. ತಾತನ ಮೇಲೆ ಇಷ್ಟು ಪ್ರೀತಿ ಇರುವ ಮಕ್ಕಳು ಈ ಕಾಲದಲ್ಲಿ ಅಪರೂಪ ಎಂದ. ಒಂದು ಅಕ್ಷರವನ್ನೂ ನಂಬಿರಲಿಲ್ಲ.

ಹತ್ತನೇ ದಿನ ಬೆಳಗ್ಗೆ ಇಗ್ಗಿ ಅಡುಗೆಮನೆಗೆ ಬಂದು, ಕಾರಿನ ಕೀಲಿಯನ್ನು ಸಕ್ಕರೆ ಡಬ್ಬದ ಪಕ್ಕ ಇಟ್ಟು, ಕಣ್ಣಿನ ಡಾಕ್ಟರ ನಂಬರು ಯಾರ ಹತ್ತಿರ ಇದೆ ಎಂದು ಕೇಳಿದ. ಮಾತಾಡಿದ್ದು ಒಲೆಯ ಜೊತೆಗೆ. ಒಲೆಯ ಪರವಾಗಿ ಬರ್ನಡೆಟ್ ಉತ್ತರ ಕೊಟ್ಟಳು.

ಏಪ್ರಿಲ್‌ನಲ್ಲಿ ಒಂದು ಕಣ್ಣು, ಮೇ ತಿಂಗಳಲ್ಲಿ ಇನ್ನೊಂದು. ಎರಡೂ ತಿಂಗಳ ಸಂತೆಗೆ ಅವನು ಹೋಗಲಿಲ್ಲ, ಮೇಜು ಖಾಲಿ ಬಿತ್ತು. ಜೂನ್‌ನಲ್ಲೂ ಬಾರದಿದ್ದರೆ ಬೇರೆಯವರಿಗೆ ಕೊಡುವುದಾಗಿ ಸಮಿತಿ ಚೀಟಿ ಕಳಿಸಿತು. ಆಗ ಬರ್ನಡೆಟ್ ಒಂದು ಕೆಲಸ ಮಾಡಿದಳು. ಅಪ್ಪನಿಗೆ ಹೇಳದೆ, ಮತ್ತೆ ಅಡುಗೆಚೀಟಿಗಳ ಡಬ್ಬ ಸೇರಿದ್ದ ಸ್ಟಾಡ್ಲರನನ್ನು ದರ್ಜೆ ಕೊಡುವ ಕಂಪನಿಗೆ ಕಳಿಸಿದಳು. ಬೇಗ ನೋಡಿಕೊಡಲು ಹೆಚ್ಚಿನ ಶುಲ್ಕ ತನ್ನ ಸಂಬಳದಿಂದಲೇ ಕಟ್ಟಿದಳು, ಶೇಕಡಾ ಹತ್ತರ ಹಳೆಯ ಕೂಪನ್ನೂ ಲಗತ್ತಿಸಿದಳು. ಕಂಪನಿಯವರು ಅಸಲಿ ಎಂದು ಬರೆದುಕೊಟ್ಟರೆ ಊರಿನ ಬಾಯಿ ಮುಚ್ಚುತ್ತದೆ ಎಂಬುದು ಅವಳ ಲೆಕ್ಕ.

ಎರಡನೇ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಇಗ್ಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊಸ ಫ್ರಿಜ್ ಯಾವಾಗ ತಂದಿರಿ ಎಂದ. ಹದಿನಾರು ವರ್ಷದ ಹಿಂದೆ, ಎಂದಳು ಬರ್ನಡೆಟ್. ಆಮೇಲೆ ಹೆಂಡತಿಯನ್ನು ಬಹಳ ಹೊತ್ತು ನೋಡಿದ. ಮೀನಿನ ರಾತ್ರಿಯ ನಂತರ ಅವಳಿಗೆಂದೇ ಆಡಿದ ಮೊದಲ ಮಾತು ಇದು.

"ಪಾವ್ಲೀನಾ, ನಿನ್ನ ಕೂದಲು ಪೂರ್ತಿ ಬೆಳ್ಳಗಿದೆ."

"ನಾನು ಬಣ್ಣ ಹಾಕಿಸ್ಕೊತೀನಿ ಅಂದ್ಕೊಂಡಿದ್ಯಾ?"

"ಕೆನೆ ಬಣ್ಣ ಅಂದ್ಕೊಂಡಿದ್ದೆ."

ಮೇ ಕೊನೆಯ ಗುರುವಾರ ಪೊಟ್ಟಣ ಬಂತು. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಹ್ಯೂಗೋ ಸ್ಟಾಡ್ಲರ್, ತಲೆಯ ಮೇಲೆ ಚೀಟಿ: ಅಸಲಿ, ದರ್ಜೆ ನಾಲ್ಕು. ಪಾವ್ಲೀನಾ ಕೇಕು ಮಾಡಿದಳು. ಇಗ್ಗಿಗೆ ಹೇಳದೆ ವಿಧಿಯಿರಲಿಲ್ಲ. ಅವನು ಪೊಟ್ಟಣದ ಕಡೆ ತಿರುಗಿಯೂ ನೋಡಲಿಲ್ಲ.

"ನಾನು ಅವ್ರಿಗೆ ಹನ್ನೊಂದು ಪತ್ರ ಬರ್ದೋನು. ಈಗ ಅವ್ರು ನನಗೆ ಸರ್ಟಿಫಿಕೇಟ್ ಕೊಡ್ತಾರಾ?"

"ನಿನಗಲ್ಲ ಅಪ್ಪ, ವಾಲ್ಟರ್ ಹೆಂಡ್ತಿಗೆ. ಶನಿವಾರ ಅದನ್ನ ಮೇಜಿನ ಮೇಲಿಡು, ಸಾಕು. ನೀನು ನೋಡ್ಬೇಡ."

ಕೇಕು ತಿಂದ. ಎರಡು ತುಂಡು ತಿಂದ. ಅದನ್ನು ಒಪ್ಪಿಗೆ ಎಂದುಕೊಂಡರು.

ಜೂನ್‌ನ ಮೊದಲ ಶನಿವಾರ ಅವನು ತನ್ನ ಮೇಜಿನ ಹಿಂದೆ ಕೂತ. ರಟ್ಟಿನ ಫಲಕ ಇಟ್ಟ. ಸ್ಟ್ಯಾಂಡಿನಲ್ಲಿ ಪ್ಲಾಸ್ಟಿಕ್ಕಿನ ಶವಪೆಟ್ಟಿಗೆಯನ್ನು ನಿಲ್ಲಿಸಿದ. ಕೊರಿನ್ ಪಕ್ಕದಲ್ಲಿ ಕೂತಿದ್ದಳು, ಅವಳ ಚೀಲದಲ್ಲಿ ಚಹಾ ಕುಡಿದ ಸ್ಟಾಡ್ಲರ್ ಇದ್ದ, ಯಾರಾದರೂ ಕೇಳಿದರೆ ತೋರಿಸಿ ತಪ್ಪೊಪ್ಪಿಕೊಳ್ಳಲೆಂದು. ಮೊದಲು ಒಬ್ಬ ಹೆಂಗಸು ಚಪ್ಪಲಿ ಡಬ್ಬ ಹಿಡಿದು ಬಂದಳು. ಆದರೆ ಇಗ್ಗಿಯನ್ನು ನೋಡಿ, ಸಂತೆಯಲ್ಲಿ ಏನೋ ಕೇಳಿದವಳ ಹಾಗೆ, ಎರಡು ಹೆಜ್ಜೆ ದೂರದಲ್ಲೇ ನಿಂತಳು. ಅವಳ ಹಿಂದಿನಿಂದ ವಾಲ್ಟರ್ ಪರ್ಡಮ್ ಬಂದು ಟೋಪಿ ತೆಗೆದ. ಲೂಮಿಸ್ ಕೂಡ ಬಂದು ಬಗ್ಗಿ ಚೀಟಿ ಓದಿದ.

"ಇಗ್ಗಿ, ನಾನು ತಪ್ಪು ತಿಳ್ಕೊಂಡೆ," ಎಂದ ವಾಲ್ಟರ್. "ಕಂಪನಿಯವ್ರೇ ಅಸಲಿ ಅಂದಿದ್ದಾರೆ. ಹುಡುಗಿ ಹೇಳಿದ್ದು ನಿಜ."

ಅಲ್ಲಿಗೆ ಮುಗಿಯಬೇಕಿತ್ತು. ಮಾನ ವಾಪಸ್ ಬಂದಾಗಿತ್ತು, ಮೇಜು ಉಳಿದಿತ್ತು. ಆದರೆ ನಲವತ್ತು ವರ್ಷ ಎದುರಿಗೆ ಬಂದ ಪ್ರತಿ ಕಾರ್ಡಿಗೂ ಕೈ ಚಾಚಿದ ಮನುಷ್ಯ. ವಾಲ್ಟರ್ ತೋರಿಸುತ್ತಿದ್ದಾನೆ, ಎದುರಿಗೆ ಕಾರ್ಡಿದೆ, ಕೈ ತಾನಾಗಿ ಭೂತಗನ್ನಡಿಗೆ ಹೋಯಿತು. ಪ್ಲಾಸ್ಟಿಕ್ಕನ್ನು ಬಟ್ಟೆಯಿಂದ ಒರೆಸಿ, ಹೊಸ ಕಣ್ಣಿಗೆ ಗಾಜು ಹಿಡಿದು ಬಗ್ಗಿದ.

ಬಹಳ ಹೊತ್ತು ಏಳಲಿಲ್ಲ. ಆಮೇಲೆ ಅವನ ಭುಜ ಅಲುಗಾಡತೊಡಗಿತು. ತಾತ ಅಳುತ್ತಿದ್ದಾನೆಂದು ಕೊರಿನ್ ಅವನ ತೋಳು ಹಿಡಿದಳು. ಅವನು ಕನ್ನಡಕವನ್ನು ಹಣೆಗೇರಿಸಲು ಕೈ ಎತ್ತಿದ. ಈಗ ಅವನಿಗೆ ಕನ್ನಡಕವೇ ಇರಲಿಲ್ಲ, ಬರಿ ಹಣೆಯನ್ನು ತಳ್ಳಿಕೊಂಡ. ಮೂಗಿನಿಂದ ಒಂದು ಉಸಿರು ಬಿಟ್ಟ.

"ಕಾಗದ ಅಜ್ಜಂದು," ಎಂದ.

ಕೊರಿನ್ ಗಾಜು ತೆಗೆದುಕೊಂಡು ನೋಡಿದಳು. ಸ್ಟಾಡ್ಲರನ ಹೆಸರಿನ ಪ್ರತಿ ಅಕ್ಷರವೂ ಇರುವೆ ಸಾಲು.

"ಶಾಯಿ ಮೊಮ್ಮಗಂದು," ಎಂದಳು ಮೆಲ್ಲಗೆ.

"ನಾನು ಕೊಂಡಾಗ ನನಗೆ ಗೊತ್ತಿದ್ದದ್ದು ದೀಪದ ಪರೀಕ್ಷೆ ಒಂದೇ," ಎಂದ ಇಗ್ಗಿ. "ಕಾಗದ ಹೊಳೀಲಿಲ್ಲ, ಅಸಲಿ ಅಂತ ತಂದೆ. ಈ ಕಂಪನಿಯವ್ರೂ ಅಷ್ಟೇ ನೋಡಿ ಕಳ್ಸಿದ್ದಾರೆ."

"ಆಮೇಲೆ ನೀನು ಒಂದ್ಸಲಾನೂ ಗಾಜು ಹಿಡಿದು ನೋಡ್ಲಿಲ್ವಾ?" ಎಂದ ವಾಲ್ಟರ್. "ನಲವತ್ತು ವರ್ಷ?"

"ಹೆಂಡ್ತಿ ಮೂಗನ್ನ ಯಾರಾದ್ರೂ ಗಾಜು ಹಿಡಿದು ನೋಡ್ತಾರೇನೋ? ವಾಲ್ಟರ್, ನನ್ನ ಸ್ಟಾಡ್ಲರ್ ನಕಲು ಅಂತ ಅವತ್ತು ನೀನು ಅಂದಿದ್ದು ಸರಿ. ನೀನು ನೋಡಿದ ಕಾರ್ಡು ಮಾತ್ರ ಬೇರೆ."

ಲೂಮಿಸ್ ಹತ್ತಿರ ಬಂದು ದನಿ ತಗ್ಗಿಸಿದ. ಚುಕ್ಕಿ ಕಂಡದ್ದು ಈ ಮೇಜಿನ ಸುತ್ತ ಇರುವವರಿಗೆ ಮಾತ್ರ, ಕೊಳ್ಳುವವರು ಓದುವುದು ಚೀಟಿಯನ್ನು, ಈ ಚೀಟಿಗೆ ಇವತ್ತೇ ಒಂದು ಒಳ್ಳೆಯ ಕಾರಿನ ಬೆಲೆ ಕೊಡುತ್ತೇನೆ ಎಂದ. ಬರ್ನಡೆಟ್ ಚರ್ಚಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮನೆಯ ಕಾರು ಹೇಗಿದೆಯೆಂದು ಅವಳಿಗೆ ಗೊತ್ತಿತ್ತು. ಅವಳು ಬಾಯಿ ತೆರೆಯಲಿಲ್ಲ. ಚಪ್ಪಲಿ ಡಬ್ಬದ ಹೆಂಗಸು ಇಗ್ಗಿಯನ್ನೇ ನೋಡುತ್ತಿದ್ದಳು.

"ಚೀಟಿ ಬೇಕಾ ನಿನಗೆ?" ಎಂದ ಇಗ್ಗಿ. ಪಕ್ಕದ ಮೇಜಿನವನ ಇಕ್ಕಳ ತೆಗೆದುಕೊಂಡು ಪ್ಲಾಸ್ಟಿಕ್ಕಿನ ಮೂಲೆ ಹಿಡಿದು ಒತ್ತಿದ. ಗಟ್ಟಿ ಅಕ್ರೋಟು ಒಡೆದ ಹಾಗೆ ಸದ್ದಾಯಿತು. ಚೀಟಿಯನ್ನು ಎಳೆದು ಲೂಮಿಸ್ ಕೈಗಿಟ್ಟ. "ತಗೋ. ಇದು ಪುಕ್ಕಟೆ."

ಕೊರಿನ್ ಚೀಲದಿಂದ ತನ್ನ ಸ್ಟಾಡ್ಲರನನ್ನೂ ತೆಗೆದು ಪಕ್ಕಕ್ಕಿಟ್ಟಳು. ಇಗ್ಗಿ ಎರಡನ್ನೂ ಗಾಜಿನಡಿ ಪರೀಕ್ಷಿಸಿ, ಮೂಲೆಯ ಸವೆತದಲ್ಲಿ ನಿನ್ನದೇ ಮೇಲು, ಚಹಾ ಒಂದು ನಿಮಿಷ ಹೆಚ್ಚಾಯಿತು, ಮೀಸೆ ನೀಲಿ ಎಂದ. ಕಂಪನಿಗೆ ಹನ್ನೆರಡನೇ ಪತ್ರ ಬರೆಯಬೇಕು, ಈ ಸಲ ಕಾರ್ಡನ್ನೂ ಜೊತೆಗೇ ಕಳಿಸೋಣ ಎಂದ. ಅಷ್ಟರಲ್ಲಿ ಇಕ್ಕಳದ ಸದ್ದಿಗೆ ಪಾವ್ಲೀನಾ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಿದ್ದಳು. ಏನಾಯಿತು ಎಂದು ಎಲ್ಲರನ್ನೂ ಕೇಳಿದಳು. ಎಲ್ಲರೂ ಇಗ್ಗಿಯ ಕಡೆ ತಿರುಗಿದರು. ಗಂಡನನ್ನೇ ಕೇಳಿದಳು.

"ಪಾವ್ಲೀನಾ, ನಿನ್ನ ವಾಷಿಂಗ್ ಮೆಷಿನ್ ನಕಲು ಕಣೇ."

ಅವಳು ಇಬ್ಬರು ಸ್ಟಾಡ್ಲರರನ್ನೂ ನೋಡಿದಳು, ಒಡೆದ ಪ್ಲಾಸ್ಟಿಕ್ಕನ್ನು ನೋಡಿದಳು. ಕೈಯ ಹಿಟ್ಟನ್ನು ಮೇಲಂಗಿಗೆ ಒರೆಸಿಕೊಂಡಳು.

"ಹಾಗಾದ್ರೆ ನಾನು ಎರಡು ವರ್ಷ ಕೈಯಲ್ಲಿ ಬಟ್ಟೆ ಒಗ್ದಿದ್ದು?"

"ಅದು ಅಸಲಿ," ಎಂದ ಇಗ್ಗಿ.

ಮೊದಲು ವಾಲ್ಟರ್ ನಕ್ಕ, ಆಮೇಲೆ ಕೊರಿನ್, ಆಮೇಲೆ ಬಾಗಿಲಲ್ಲಿದ್ದ ಬರ್ನಡೆಟ್. ಪಾವ್ಲೀನಾ ಹಿಟ್ಟಿನ ಕೈಯಿಂದ ಗಂಡನ ತಲೆಗೊಂದು ಮೊಟಕಿ ತಾನೂ ನಕ್ಕಳು. ಆದರೆ ಮೂವತ್ತು ಮೇಜುಗಳ ಆಚೆ, ಮೆಟ್ಟಿಲ ಮೇಲೆ ಟಿಕೆಟ್ ಹರಿಯುತ್ತಿದ್ದವನ ತನಕ ಕೇಳಿಸಿದ್ದು ಇಗ್ಗಿಯ ನಗೆ. ಮೇಜಿಗೆ ಎರಡೂ ಕೈ ಊರಿ, ತಲೆಗೂದಲಲ್ಲಿ ಹಿಟ್ಟು ಅಂಟಿಸಿಕೊಂಡು, ಹೊಸ ಕಣ್ಣುಗಳಲ್ಲಿ ನೀರು ಬರುವಷ್ಟು ನಕ್ಕ.

ಚಪ್ಪಲಿ ಡಬ್ಬದ ಹೆಂಗಸು ಆ ಎರಡು ಹೆಜ್ಜೆಯನ್ನು ದಾಟಿ ಬಂದು ಡಬ್ಬವನ್ನು ಅವನ ಮುಂದಿಟ್ಟಳು. ಪಕ್ಕದಲ್ಲಿ ಒಂದು ಲೋಟ ಕಾಫಿಯನ್ನೂ ಇಟ್ಟಳು. ಇಗ್ಗಿ ಇನ್ನೂ ನಗುತ್ತಲೇ ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿ, ಡಬ್ಬದ ಮುಚ್ಚಳ ತೆಗೆದ.